ಜುಮ್ ಅನ್ನುವ ಮಷೀನು

ದುಂಡಪ್ಪಜ್ಜ ಹೆಬ್ಬೆರಳನ್ನು ಮಷೀನಿನ ಮೇಲೆ ಇಟ್ಟವನೇ ಕೆಂಡ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ.

"ಯಪ್ಪಾ! ಕಡೀತದು!"

"ಏನ ಕಡೀತೈತ್ರಿ ಅಜ್ಜಾರ? ಅದರಾಗ ಹಾವ ಐತೇನು?" ಅನುರಾಧಾ ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಸರಿಯಾಗಿ ಒತ್ರಿ. ಹಿಂದ ಹದಿನೈದು ಮಂದಿ ನಿಂತಾರ."

"ಒತ್ತಾಕ ನಾ ತಯಾರ ಅದೇನಿ. ಜುಮ್ ಅನಸಬ್ಯಾಡಂತ ನಿನ್ನ ಮಷೀನಿಗೆ ಹೇಳ."

"ಯಾರಿಗೂ ಆಗದ್ದು ನಿಮಗೊಬ್ಬರಿಗೆ ಆಕೈತೇನು?"

"ನನಗೂ ಆತವ್ವಾ ಮೊನ್ನೆ," ಎಂದಳು ಸಾಲಿನಲ್ಲಿದ್ದ ಚನ್ನವ್ವ. ಅವಳ ಹಿಂದಿದ್ದ ಇಬ್ಬರು ಹೂಂಗುಟ್ಟಿದರು.

ಅನುರಾಧಾ ತನ್ನ ಹೆಬ್ಬೆರಳನ್ನು ಮಷೀನಿನ ಮೇಲೆ ಒತ್ತಿ ಹಿಡಿದು ಎಲ್ಲರಿಗೂ ಕಾಣುವಂತೆ ಕೂತಳು. "ನೋಡ್ರಿ. ಏನಾತು? ಏನೂ ಆಗಲಿಲ್ಲ. ನನ್ನ ಕಡೆ ಬರೂ ಮನಸ್ಸಿಲ್ಲಂದ್ರ ಸೀದಾ ಹೇಳ್ರಿ. ಮಷೀನಿನ ಮ್ಯಾಲ ಯಾಕ ಹಾಕ್ತೀರಿ?"

ದುಂಡಪ್ಪಜ್ಜನ ದೃಷ್ಟಿ ಮೇಜಿನ ಕೆಳಗೆ ಹೋಯಿತು. "ನಮಗ ಚಪ್ಪಲ್ ಹೊರಗ ಬಿಡಸ್ತಿ. ನಿನ್ನ ಕಾಲಾಗ ಏನೈತಿ ನೋಡಕೋ."

"ಇವು ಒಳಗಿನ ಚಪ್ಪಲ್. ಬೋರ್ಡ ಓದಾಕ ಬಂದ್ರ ಓದ್ರಿ."

"ಹೌದವ್ವಾ. ಇದೊಂದ ನೋಡೂದ ಉಳದಿತ್ತು ಊರಾಗ," ಎಂದು ರೇಷನ್ ಕಾರ್ಡನ್ನು ಟೊಪ್ಪಿಗೆಯೊಳಗೆ ತುರುಕಿಕೊಂಡು ಅಜ್ಜ ಹೊರಟುಹೋದ. ಆ ಮಾತಿನ ಅರ್ಥವೇನೆಂದು ಸಾಲಿನಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು. ಅನುರಾಧಾಳಿಗೂ ಗೊತ್ತಿತ್ತು.

ಹತ್ತರಗಿಯ ಹೊರಕೇರಿ ಭೀಮನಗರದಿಂದ ಬಂದು ಊರ ನಡುವಿನ ಓಣಿಯಲ್ಲಿ ಅಂಗಡಿ ಹಾಕಿದವಳು ಅವಳೊಬ್ಬಳೇ. ಕಾಶಿನಾಥ ಸಾವಕಾರರ ಎರಡಂತಸ್ತಿನ ಕಟ್ಟಡ. ಮೇಲೆ ಅವರ ಮನೆ, ಕೆಳಗೆ ಇವಳ ಆನ್‌ಲೈನ್ ಸೆಂಟರು. ರೇಷನ್ ಕಾರ್ಡಿನ ಹೆಬ್ಬೆಟ್ಟು, ಪಿಂಚಣಿಯವರ ಹೆಬ್ಬೆಟ್ಟು, ಆಧಾರ್ ತಿದ್ದುಪಡಿ, ಪಹಣಿ, ಬೆಳೆವಿಮೆ, ಎಲ್ಲ ಒಂದೇ ಲ್ಯಾಪ್‌ಟಾಪು ಮತ್ತು ಅದಕ್ಕೆ ವೈರಿನಿಂದ ಹಚ್ಚಿದ ಹೆಬ್ಬೆಟ್ಟಿನ ಮಷೀನಿನ ಮೇಲೆ. ಬೇರೆ ಯಾರೂ ಆ ಕೋಣೆ ಹಿಡಿಯದೆ ವರ್ಷಗಟ್ಟಲೆ ಖಾಲಿ ಬಿದ್ದಿದ್ದರಿಂದ ಸಾವಕಾರರು ಅವಳಿಗೆ ಕೊಟ್ಟಿದ್ದರು. ಕೊಡುವಾಗ ಕರಾರುಪತ್ರದಲ್ಲಿ ಇಲ್ಲದ ಒಂದು ಮಾತನ್ನೂ ಹೇಳಿದ್ದರು: "ಹಿತ್ತಲ ಕಡೆ ಬರಬ್ಯಾಡ."

'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡನ್ನು ಅವಳೇ ಬರೆದು ತೂಗುಹಾಕಿದ್ದು. ಧೂಳಿಗೆ ಲ್ಯಾಪ್‌ಟಾಪು ಹಾಳಾಗುತ್ತದೆ ಎಂದು ಕೇಳಿದವರಿಗೆ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಅವಳ ಅಜ್ಜ ಯಲ್ಲಪ್ಪ ಇದೇ ಓಣಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದವನು. ಈಗ ಅದೇ ಓಣಿಯ ದೊಡ್ಡ ಮನೆಗಳವರು ತನ್ನ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಕಳಚುವುದನ್ನು ನೋಡುವಾಗ ಅವಳಿಗೆ ಒಳಗೊಳಗೇ ಹಿತವಾಗುತ್ತಿತ್ತು. ಆ ಹಿತವನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ದಿನಾ ಬೆಳಿಗ್ಗೆ ಗ್ರಾನೈಟಿನ ನೆಲವನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸಿ, ತನಗೊಂದು ಜೊತೆ ರಬ್ಬರಿನ ಚಪ್ಪಲಿ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ದೂರು ಹೆಚ್ಚಾಯಿತು. ಒಬ್ಬೊಬ್ಬರು ಹೆಬ್ಬೆರಳಿಡುವ ಮೊದಲೇ ಮುಖ ಸಿಂಡರಿಸುತ್ತಿದ್ದರು. ಕೆಲವರು ಅರ್ಧ ದಿನ ಕೆಲಸ ಬಿಟ್ಟು ಸಂಕೇಶ್ವರಕ್ಕೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದರು. ಪ್ರತಿಯೊಬ್ಬರೂ ಹೋದಾಗ ಅನುರಾಧಾ ಹಲ್ಲು ಕಚ್ಚಿ, ಇನ್ನಷ್ಟು ಬಿರುಸಾಗಿ ಮಾತಾಡಿದಳು.

ಅಂಥ ಒಂದು ವಾರದ ಕೊನೆಗೆ ಅವಳ ತಾಯಿ ಸಾವಂತ್ರೆವ್ವ ಪಿಂಚಣಿಯ ಹೆಬ್ಬೆಟ್ಟಿಗೆ ಬಂದಳು. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆದು ಸೀದಾ ಬಂದಿದ್ದಳು. ಅವಳು ಜನ್ಮದಲ್ಲಿ ಚಪ್ಪಲಿ ಮೆಟ್ಟಿದವಳಲ್ಲ. ಹಸಿ ಕಾಲು ನೆಲಕ್ಕೂರಿ ಹೆಬ್ಬೆರಳಿಟ್ಟಳು, "ಹಾಯ್!" ಎಂದು ಕೈ ಕೊಡವಿದಳು.

"ಏನಾತ ಯವ್ವಾ?"

"ಜುಮ್ ಅಂತಲ್ಲ ಇದು. ಮೊಣಕೈತನ ಬಂತು ನೋಡ."

ಅನುರಾಧಾ ಅವ್ವನ ಮುಖ ನೋಡಿದಳು. ಅವ್ವ ಯಾಕೆ ಸುಳ್ಳು ಹೇಳುತ್ತಾಳೆ? ಎದ್ದು ನಿಂತು, ರಬ್ಬರಿನ ಚಪ್ಪಲಿಯಿಂದ ಕಾಲು ಹೊರತೆಗೆದು, ಒದ್ದೆ ನೆಲದ ಮೇಲೆ ಬರಿಗಾಲಿಟ್ಟು ಮಷೀನು ಮುಟ್ಟಿದಳು. ಬೆರಳ ತುದಿಯಲ್ಲಿ ಸೂಜಿಗಳು ಹರಿದಾಡಿದವು. ಮಷೀನಿನ ಸುತ್ತಲ ಉಕ್ಕಿನ ಪಟ್ಟಿ ಮುಟ್ಟಿದಳು, ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಳು. ಎಲ್ಲ ಕಡೆಯೂ ಅದೇ. ಮತ್ತೆ ಚಪ್ಪಲಿ ಮೆಟ್ಟಿದಳು. ಏನೂ ಇಲ್ಲ.

ಮೂರು ತಿಂಗಳಿಂದ ಎಷ್ಟು ಜನರಿಗೆ ಏನೇನು ಅಂದಿದ್ದೆ ಎಂಬುದೆಲ್ಲ ಅವಳಿಗೆ ಒಟ್ಟಿಗೆ ನೆನಪಾಯಿತು. ಹೋಗಿ ಬಾಗಿಲಿನ ಬೋರ್ಡು ಕಿತ್ತು ಮೇಜಿನ ಕೆಳಗೆ ಹಾಕಿದಳು.

ಅವಳ ದೊಡ್ಡವ್ವನ ಮಗ ದುರ್ಗೇಶ ಗೋಕಾಕದಲ್ಲಿ ಐಟಿಐ ಹುಡುಗರಿಗೆ ವೈರಿಂಗ್ ಕಲಿಸುವವನು. ಫೋನಿನಲ್ಲಿ ಎಲ್ಲ ಕೇಳಿ, "ಚಾರ್ಜರಿನ ಪಿನ್ನ ಫೋಟೊ ಕಳಿಸ," ಎಂದ. ನೋಡಿದ ಮೇಲೆ ಬೈದ.

"ಇದು ಪರದೇಶದ ಪಿನ್. ಮೂರ ಚಪ್ಪಟ ಕಡ್ಡಿ ಅದಾವು ನೋಡ. ಅದಕ್ಕ ಹಚ್ಚಿದ ಕನ್ವರ್ಟರಿಗೆ ಎರಡ ಗುಂಡ ಕಡ್ಡಿ. ಮೂರನೇದು ಪ್ಲಾಸ್ಟಿಕ್‌ನ್ಯಾಗ ಸತ್ತ ಹೋಗೇತಿ. ಅದ ಅರ್ಥಿಂಗ್. ಚಾರ್ಜರಿನ್ಯಾಗ ಸ್ವಲ್ಪ ಕರೆಂಟ್ ಯಾವಾಗ್ಲೂ ಸೋರತಿರ್ತೈತಿ. ಅರ್ಥಿಂಗ್ ಇದ್ರ ಅದು ಸುಮ್ಮನ ಮಣ್ಣಿಗೆ ಹೋಕ್ಕೈತಿ. ಇಲ್ಲಂದ್ರ ಲ್ಯಾಪ್‌ಟಾಪಿನ ಮೈಗೆ ಬಂದು ಕುಂದರ್ತೈತಿ. ಬರಿಗಾಲಲೇ ಮುಟ್ಟಿದವರ ಮೈಯಾಗಿಂದ ಮಣ್ಣಿಗೆ ಇಳೀತೈತಿ."

"ಚಾರ್ಜರ್ ತಗದ ಮಾಡ್ಲೇನು ಹಂಗಾರ?"

"ಬ್ಯಾಟರಿ ಎಷ್ಟ ಹೊತ್ತ ನಿಲ್ತೈತಿ?"

"ಹತ್ತ ನಿಮಿಷ."

"ಹಂಗಾರ ಸಂಕೇಶ್ವರಕ್ಕ ಹೋಗಿ ನಮ್ಮ ದೇಶದ ತ್ರೀ ಪಿನ್ ಕೇಬಲ್ ತಗೊಂಡ ಬಾ."

ಲ್ಯಾಪ್‌ಟಾಪು ಅವಳು ಸಂಕೇಶ್ವರದ ಒಂದು ಅಂಗಡಿಯಲ್ಲಿ ತೆಗೆದುಕೊಂಡ ಹಳೆಯದು. ಕೊಲ್ಹಾಪುರದ ಕಡೆಯಿಂದ ಬರುವ ಮಾಲು. ಅಂಗಡಿಯವನು ಅವಳು ಬರುವುದನ್ನು ಕಂಡ ಕೂಡಲೇ ಬೇರೆ ಗಿರಾಕಿಯ ಕಡೆ ತಿರುಗಿದ.

"ಇದರ ಮೂರನೇ ಕಡ್ಡಿ ಎಲ್ಲಿ ಹೋತ್ರಿ?" ಅವಳು ಕನ್ವರ್ಟರನ್ನು ಗಾಜಿನ ಕೌಂಟರಿನ ಮೇಲಿಟ್ಟು ಕೇಳಿದಳು.

"ಅದರದ ಏನೂ ಕೆಲಸ ಇಲ್ಲ ತಂಗಿ. ಸುಮ್ಮನ ಶೋಕಿಗೆ ಇರ್ತೈತಿ."

"ಶೋಕಿಗೆ ಇರೂದನ್ನ ಉಳಿದೆರಡಕ್ಕಿಂತ ದಪ್ಪ ಯಾಕ ಮಾಡ್ತಾರ?"

"ನೀ ಇಂಜಿನಿಯರ್ ಏನು?"

"ನನ್ನ ಊರಿನ ಮಂದಿ ನನ್ನ ಮುಖಕ್ಕ ಉಗುಳೂದ ಬಾಕಿ ಐತಿ. ಕೇಬಲ್ ಕೊಡ್ರಿ."

ಅವನು ಗೊಣಗುತ್ತ ಡ್ರಾಯರ್ ಹುಡುಕಿ, ಮೇಲೊಂದು ದಪ್ಪ, ಕೆಳಗೆರಡು ಸಣ್ಣ ಗುಂಡು ಪಿನ್ನಿನ ಕೇಬಲನ್ನು ಅವಳ ಮುಂದೆ ಎಸೆದ.

ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಮಂಗಳವಾರ ಬೆಳಿಗ್ಗೆ ಹೊಸ ಕೇಬಲ್ ಹಚ್ಚಿ, ಚನ್ನವ್ವನನ್ನು ತಾನೇ ಮನೆಯಿಂದ ಕರೆತಂದಳು. "ಚಿಗವ್ವಾ, ನೀವು ಹೇಳಿದ್ದು ಖರೆ ಇತ್ತು. ಈಗ ಸರಿ ಮಾಡೇನಿ," ಎಂದಳು. ರೂಢಿಯಂತೆ ಚಪ್ಪಲಿ ಹೊರಗೆ ಬಿಟ್ಟು ಬಂದ ಚನ್ನವ್ವ ಅನುಮಾನದಿಂದಲೇ ಹೆಬ್ಬೆರಳಿಟ್ಟಳು. ಮರುಕ್ಷಣ ಅವಳ ಕೈ ಮೇಲಕ್ಕೆ ಹಾರಿ ಗೋಡೆಗೆ ಬಡಿಯಿತು, ನಾಲ್ಕು ಬಳೆ ಒಡೆದವು. ಚೀರಿಕೊಂಡು ನೆಲಕ್ಕೆ ಕೂತಳು.

ಓಣಿ ತುಂಬಿತು. ದುಂಡಪ್ಪಜ್ಜ ಎಲ್ಲರಿಗಿಂತ ಮುಂದೆ ನಿಂತು, "ಹೇಳಿದ್ನಿಲ್ಲೋ! ಮಂದೀನ್ನ ಕೊಲ್ಲಾಕ ಕುಂತಾಳಿಕಿ!" ಎಂದು ಕೂಗಿದ. ಮೇಲಿಂದ ಕಾಶಿನಾಥ ಇಳಿದು ಬಂದರು. ಚನ್ನವ್ವನನ್ನು ಕಡೆಗಣ್ಣಿನಿಂದಲೂ ನೋಡದೆ ಅನುರಾಧಾಳತ್ತ ಬೆರಳು ತೋರಿಸಿದರು.

"ಈ ಕಟ್ಟಡ ಕಟ್ಟಿ ಆರ ವರ್ಷ ಆತು. ಇಲ್ಲೀತನ ಯಾರಿಗೂ ಒಂದ ಇರುವಿ ಕಡದಿಲ್ಲ. ನೀ ಬಂದ ಮ್ಯಾಲ ಕರೆಂಟ್ ಹೊಡ್ಯಾಕತ್ತೇತಿ. ಶಟರ್ ಇಳಸ."

"ಸಾವಕಾರ್ರ, ಕೇಬಲ್ ಹೊಸಾದೈತ್ರಿ. ನಿಮ್ಮ ಬೋರ್ಡಿನ್ಯಾಗ ಅರ್ಥಿಂಗ್ ಐತೋ ಇಲ್ಲೋ ಒಮ್ಮೆ ನೋಡಸ್ರಿ."

"ನನ್ನ ಕಟ್ಟಡಕ್ಕ ಹೆಸರ ಇಡ್ತಿಯೇನ? ಮೂರ ತೂತಿನ ಬೋರ್ಡ ಹಾಕಸೇನಿ ಎಲ್ಲಾ ಕಡೆ. ಕಣ್ಣ ಇಲ್ಲೇನ ನಿನಗ?"

ಅವಳು ಶಟರ್ ಇಳಿಸಿದಳು. ಐದು ದಿನ ಅಂಗಡಿ ತೆರೆಯಲಿಲ್ಲ. ಚನ್ನವ್ವನ ಮನೆಗೆ ಹೋದಾಗ ಅವಳ ಸೊಸೆ ಬಾಗಿಲಲ್ಲೇ ನಿಲ್ಲಿಸಿ, "ಮಲಗ್ಯಾಳ," ಎಂದಳು.

ರವಿವಾರ ಬೆಳಿಗ್ಗೆ ದುರ್ಗೇಶ ಗೋಕಾಕದಿಂದ ಬೈಕಿನ ಮೇಲೆ ಬಂದ. ಬ್ಯಾಗಿನಿಂದ ಒಂದು ಬಲ್ಬು ತೆಗೆದ, ಹೋಲ್ಡರಿಗೆ ಎರಡು ಉದ್ದ ವೈರು. ವೈರಿನ ಒಂದು ತುದಿ ಬೋರ್ಡಿನ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ಕೊಟ್ಟ. ಬಲ್ಬು ಹತ್ತಿತು. ನ್ಯೂಟ್ರಲ್ ತುದಿ ತೆಗೆದು ಮೇಲಿನ ದಪ್ಪ ತೂತಿಗಿಟ್ಟ. ಹತ್ತಲಿಲ್ಲ. ಆಮೇಲೆ ಬಾಗಿಲಾಚೆ ಗಟಾರದ ಬದಿಯ ಹಸಿ ಮಣ್ಣಿನಲ್ಲಿ ಒಂದು ಕಬ್ಬಿಣದ ಸರಳು ಬಡಿದು ಅದಕ್ಕೆ ತುದಿ ಮುಟ್ಟಿಸಿದ. ಬಲ್ಬು ಹತ್ತಿತು.

ರವಿವಾರವಾದ್ದರಿಂದ ನೋಡುವವರಿಗೇನೂ ಕೊರತೆ ಇರಲಿಲ್ಲ. ಹಣಮಂತ ದೇವರ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ಬಂದರು.

"ತೂತ ಮೂರ ಅದಾವು. ಒಳಗಿನ ಹಸರ ವೈರ್ ಮಣ್ಣಿಗೇ ಹೋಗಿಲ್ಲ," ಎಂದ ದುರ್ಗೇಶ. "ಆದ್ರ ಒಂದ ತಿಳೀವಲ್ದು. ಸರಿ ಪಿನ್ ಹಾಕಿದ ಮ್ಯಾಲ ಹೊಡ್ತ ಜಾಸ್ತಿ ಯಾಕಾತು?" ಟೆಸ್ಟರನ್ನು ಲ್ಯಾಪ್‌ಟಾಪಿನ ಸ್ಕ್ರೂಗೆ ಮುಟ್ಟಿಸಿದ. ಅದರ ಕೆಂಪು ದೀಪ ಮಿಣುಕುತ್ತಿತ್ತು. ನೋಡುತ್ತಿದ್ದ ಹಾಗೆಯೇ ಮೇಲಿನ ಮನೆಯಲ್ಲಿ ಗುರ್ರೆಂದು ಏನೋ ತಿರುಗಿತು. ದೀಪ ಒಮ್ಮೆಲೇ ಉರಿಗೆಂಪಾಯಿತು.

"ಮ್ಯಾಲ ಏನ ಹಚ್ಚಿದ್ರು?"

"ಬಟ್ಟಿ ಒಗಿಯೂ ಮಷೀನು," ಎಂದಳು ಅನುರಾಧಾ.

"ಅದರ ಮೈಯಾಗ ಕರೆಂಟ್ ಇಳದೈತಿ. ಹಸರ ವೈರ್ ಮ್ಯಾಲಿಂದ ಕೆಳಗಿನತನ ಒಂದಕ್ಕೊಂದು ಕೂಡೇತಿ, ಮಣ್ಣಿಗೆ ಮಾತ್ರ ಕೂಡಿಲ್ಲ. ಮ್ಯಾಲಿನ ಮನಿ ಕರೆಂಟ್ ಸೀದಾ ನಿನ್ನ ಮಷೀನಿಗೆ ಬರಾಕತ್ತೇತಿ. ಎರಡ ಕಡ್ಡಿ ಇದ್ದಾಗ ದಾರಿ ಇದ್ದಿಲ್ಲ. ಮೂರನೇದು ಹಚ್ಚಿ ನೀನ ದಾರಿ ಮಾಡಿ ಕೊಟ್ಟಿ."

"ಯಾರನ್ನ ಕೇಳಿ ನನ್ನ ಬೋರ್ಡ ಬಿಚ್ಚಿದಿ?" ಕಾಶಿನಾಥ ಮೆಟ್ಟಿಲ ಮೇಲೆ ನಿಂತಿದ್ದರು. "ವೈರ್ ಮುಚ್ಚಿ ಇಬ್ಬರೂ ನಡೀರಿ ಇಲ್ಲಿಂದ."

ಅವರ ಬೆನ್ನ ಹಿಂದೆ ಹೆಂಡತಿ ರಾಜೇಶ್ವರಿ ಬಂದು ನಿಂತಿದ್ದಳು. ಸೋಪಿನ ನೊರೆಯ ಕೈಗಳನ್ನು ಸೆರಗಿಗೆ ಒರೆಸುವುದನ್ನೂ ಮರೆತಿದ್ದಳು. ಅನುರಾಧಾ ಅವಳ ದನಿಯನ್ನು ಅಷ್ಟು ದಿನಗಳಲ್ಲಿ ಒಮ್ಮೆಯೂ ಸರಿಯಾಗಿ ಕೇಳಿರಲಿಲ್ಲ.

"ನಿನಗೂ ಜುಮ್ ಅಂತೈತೇನು?" ರಾಜೇಶ್ವರಿ ಕೇಳಿದಳು.

"ಹೌದ್ರಿ ಅಕ್ಕಾರ. ಎಲ್ಲಾರಿಗೂ ಅಂತೈತಿ."

"ಮೊಣಕೈತನ?"

"ಮೊಣಕೈತನ."

ರಾಜೇಶ್ವರಿ ಗಂಡನ ಕಡೆ ತಿರುಗಿದಳು. ಎರಡು ವರ್ಷದಿಂದ ಅವಳು ಬಟ್ಟೆ ಒಗೆಯುವಾಗ ಕೈ ಜುಮ್ ಎಂದು ಹಿಡಿಯುತ್ತದೆ ಎನ್ನುತ್ತಿದ್ದಳು. ಕಾಶಿನಾಥ ಎತ್ತರದ ರಬ್ಬರು ಸ್ಲಿಪ್ಪರಿನಲ್ಲಿ ಹೋಗಿ ಮಷೀನು ಮುಟ್ಟಿ, ಏನೂ ಇಲ್ಲ ಎಂದಿದ್ದರು. ನರದ ದೋಷ ಎಂದಿದ್ದರು. ಆಮೇಲೆ ತಲೆಯ ದೋಷ ಎಂದಿದ್ದರು. ಗೋಕಾಕದ ಒಬ್ಬ ಡಾಕ್ಟರ ಬಳಿ ಕರೆದೊಯ್ದು, ತಾವೇ ಒಳಗೆ ಹೋಗಿ ಮಾತಾಡಿ, ಗುಳಿಗೆ ಬರೆಸಿಕೊಂಡು ಬಂದಿದ್ದರು. ಅದನ್ನು ನುಂಗಿ ಅವಳು ಮಧ್ಯಾಹ್ನವೆಲ್ಲ ಮಂಪರಿನಲ್ಲಿ ಇರುತ್ತಿದ್ದಳು.

"ಏನ ಮಾಡಬೇಕ ಈಗ?" ಅವಳು ದುರ್ಗೇಶನನ್ನು ಕೇಳಿದಳು.

"ಹಿತ್ತಲದಾಗ ಒಂದ ತೆಗ್ಗ ತಗದು ಅರ್ಥಿಂಗ್ ರಾಡ್ ಬಡೀಬೇಕ್ರಿ. ಅಲ್ಲಿಂದ ಮೀಟರ್ ಬೋರ್ಡಿಗೆ ವೈರ್. ಅರ್ಧ ದಿನದ ಕೆಲಸ."

"ಇವರು ನನ್ನ ಹಿತ್ತಲದಾಗ ಕಾಲ ಇಡಬಾರದು," ಎಂದರು ಕಾಶಿನಾಥ.

ನೆರೆದವರಲ್ಲಿ ಇಬ್ಬರು ಕಟ್ಟೆಯ ಕಡೆಗೆ ಹಿಂದಿರುಗಿದರು. ದುರ್ಗೇಶ ಬಲ್ಬು ಬ್ಯಾಗಿಗೆ ಹಾಕಿಕೊಳ್ಳತೊಡಗಿದ. "ನಡಿ ಅನು. ಸಾಯ್ಲಿ ಅವರು, ತಮ್ಮ ಕರೆಂಟಿನ್ಯಾಗ ತಾವ."

ಅನುರಾಧಾ ಹೊರಡಬೇಕೆಂದೇ ಇದ್ದಳು. ಅಷ್ಟರಲ್ಲಿ ರಾಜೇಶ್ವರಿ ಮೆಟ್ಟಿಲಿಳಿದು, ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡಳು. "ನಾನ ಅಗೀತೇನಿ. ಎಲ್ಲಿ ಅಂತ ಹೇಳ್ರಿ."

"ಹುಚ್ಚ ಹಿಡದೈತೇನ ನಿನಗ?"

"ಹಿಡದೈತಂತ ಊರತುಂಬ ನೀವ ಹೇಳೀರಲ್ಲ. ಈಗ ಸುಮ್ಮನಿರ್ರಿ. ಇಲ್ಲಂದ್ರ ಡಾಕ್ಟರ್ ಮುಂದ ಏನ ಹೇಳಿ ಗುಳಿಗಿ ಬರಸಿದ್ರಿ ಅನ್ನೂದನ್ನ ಇಲ್ಲೇ, ಇವರೆಲ್ಲಾರ ಮುಂದ ಕೇಳ್ತೇನಿ."

ಕಾಶಿನಾಥರ ಮುಖ ಕಪ್ಪಿಟ್ಟಿತು. ಫೋನು ಕಿವಿಗಿಟ್ಟುಕೊಂಡು ಯಾರಿಗೋ ಮಾತಾಡುವವರಂತೆ ಮೇಲೆ ಹೋದರು.

ಹಿತ್ತಲ ಗೋಡೆ ಎದೆಯೆತ್ತರ ಇತ್ತು. ದುರ್ಗೇಶ ಮತ್ತು ಅನುರಾಧಾ ಓಣಿಯಲ್ಲಿ, ಗೋಡೆಯ ಆಚೆ, ರಾಜೇಶ್ವರಿ ಈಚೆ. ಅವಳು ಮೂಡಲಗಿಯ ಕಡೆ ಕಬ್ಬಿನ ಮನೆತನದಲ್ಲಿ ಹುಟ್ಟಿದವಳು, ಹಾರೆ ಹಿಡಿಯುವುದು ಹೊಸತಲ್ಲ. ಮಳೆ ನೆನೆದ ಕರಿಮಣ್ಣು ಮೆತ್ತಗಿತ್ತು. ಮೊಣಕಾಲುದ್ದ ಅಗೆದಳು, ಆಮೇಲೆ ಸೊಂಟದುದ್ದ. ದುರ್ಗೇಶ ಬೈಕಿಗೆ ಕಟ್ಟಿ ತಂದಿದ್ದ ರಾಡನ್ನು ಗೋಡೆಯ ಮೇಲಿಂದ ಇಳಿಸಿದ, ಸುತ್ತಿಗೆ ಇಳಿಸಿದ. "ಇನ್ನೂ ಬಡೀರಿ. ಗೇಣುದ್ದ ಉಳೀಬೇಕು ಅಷ್ಟ." ಅವಳು ಸೀರೆ ಸಿಕ್ಕಿಸಿ ಬಡಿದಳು. ತೆಗ್ಗಿನ ತೇವ ಹಿಡಿದಿಡುವ ಉಪ್ಪು ಮತ್ತು ಇದ್ದಿಲಿನ ಚೀಲವನ್ನು ಅನುರಾಧಾ ದಾಟಿಸಿದಳು. ಕ್ಲ್ಯಾಂಪಿಗೆ ವೈರು ಹೇಗೆ ಬಿಗಿಯಬೇಕೆಂದು ದುರ್ಗೇಶ ಎರಡು ಸಲ ಹೇಳಿದ, ಮೂರನೆಯ ಸಲ ಸಿಟ್ಟಿನಿಂದ ಹೇಳಿದ.

ದುರ್ಗೇಶ ಒಂದು ಕೈ ಗೋಡೆಗೂರಿ ಹಾರಿದ್ದರೆ ಎರಡು ನಿಮಿಷದ ಕೆಲಸ. ಅವನು ಹಾರಲಿಲ್ಲ. ಒಳಗೆ ಬಾ ಎಂದು ರಾಜೇಶ್ವರಿಯೂ ಅನ್ನಲಿಲ್ಲ. ನಡುವೆ ಒಮ್ಮೆ ಅವಳು ಒಳಗೆ ಹೋಗಿ ನೀರು ಕುಡಿದು ಬಂದಳು. ಬಿಸಿಲಲ್ಲಿ ನಿಂತ ಇಬ್ಬರಿಗೆ ಬೇಕೇ ಎಂದು ಕೇಳಲಿಲ್ಲ. ಅನುರಾಧಾಳಿಗೆ ಆ ಹೆಂಗಸಿನ ಮೇಲೆ ಮರುಕವೂ ಬಂತು, ಕೈಯಲ್ಲಿದ್ದ ಚೀಲವನ್ನು ಅವಳ ಮುಖಕ್ಕೆ ಎಸೆಯಬೇಕೆಂಬ ಸಿಟ್ಟೂ ಬಂತು.

ಮೀಟರ್ ಬೋರ್ಡು ಓಣಿಯ ಗೋಡೆಗೇ ಇತ್ತು. ದುರ್ಗೇಶ ಮೇನ್ ಆಫ್ ಮಾಡಿ ಹಸಿರು ವೈರು ಕೂಡಿಸಿ, ಮತ್ತೆ ಆನ್ ಮಾಡಿದ. ಈ ಸಲ ದಪ್ಪ ತೂತಿಗೂ ಬಲ್ಬು ಹತ್ತಿತು. ಲ್ಯಾಪ್‌ಟಾಪಿನ ಸ್ಕ್ರೂ ಮೇಲೆ ಟೆಸ್ಟರ್ ಕಪ್ಪಾಗಿಯೇ ಉಳಿಯಿತು.

"ಒಗಿಯೂ ಮಷೀನ್ ರಿಪೇರಿ ಆಗೂತನ ಹಚ್ಚಬ್ಯಾಡ್ರಿ," ಎಂದು ಗೋಡೆಯಾಚೆಗೆ ಕೂಗಿ ಹೇಳಿ ಅವನು ಬೈಕ್ ಹತ್ತಿದ.

ಮರುದಿನ ಅನುರಾಧಾ ಬಾಗಿಲು ತೆರೆದು, ತಾನೇ ಬರಿಗಾಲಿನಲ್ಲಿ ಕೂತಳು. ಜನ ಒಬ್ಬೊಬ್ಬರಾಗಿ ಬಂದರು, ನಗದೆ, ಮಾತಾಡದೆ ಹೆಬ್ಬೆಟ್ಟೊತ್ತಿ ಹೋದರು. ದುಂಡಪ್ಪಜ್ಜ ನಾಲ್ಕನೆಯ ದಿನ ಬಂದ.

"ಅಜ್ಜಾರ, ನೀವು ಹೇಳಿದ್ದು ಖರೆ ಇತ್ತು. ನಾ ಕೇಳಲಿಲ್ಲ. ತಪ್ಪಾತು."

"ಅದನ್ನ ಅನ್ನಾಕ ನಿನಗ ಮೂರ ತಿಂಗಳ ಬೇಕಾತು," ಎಂದು ಅವನು ಬೆರಳೊತ್ತಿದ.

"ಅವತ್ತು ಹೋಗುವಾಗ ನೀವು ಅಂದ ಮಾತಿಗೆ ಎಷ್ಟ ತಿಂಗಳ ಬೇಕು?"

ಅಜ್ಜ ರಸೀದಿ ಕಿತ್ತುಕೊಂಡು ಹೋದ.

ಕರಾರಿನ ಹನ್ನೊಂದು ತಿಂಗಳು ಮುಗಿದ ದಿನವೇ ಕಾಶಿನಾಥ ಕೋಣೆ ಖಾಲಿ ಮಾಡಿಸಿದರು. ಅನುರಾಧಾ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ, ಪ್ರಭು ಎಂಬವನ ಪಂಕ್ಚರ್ ಅಂಗಡಿಯ ಬಾಜೂಕ್ಕೆ ಒಂದು ಖೋಲಿ ಹಿಡಿದಳು. ಲಾರಿಗಳ ಧೂಳು ದಿನವಿಡೀ ಬರುತ್ತಿತ್ತು. ಊರೊಳಗಿಂದ ಬರುವ ಜನ ಅರ್ಧಕ್ಕಿಂತ ಕಡಿಮೆಯಾದರು. ಗೋಕಾಕದ ಡಾಕ್ಟರ ಗುಳಿಗೆಯಿಂದಲೇ ಹೆಂಡತಿಗೆ ಗುಣವಾಯಿತು ಎಂದು ಕಾಶಿನಾಥ ಎಲ್ಲರಿಗೂ ಹೇಳುತ್ತಿದ್ದಾರೆಂದು ಚನ್ನವ್ವ ಒಂದು ದಿನ ಸುದ್ದಿ ತಂದಳು. ಅಂದು ಗೋಡೆಗೆ ಬಡಿದ ಕೈ ಕೊಂಚ ಸೊಟ್ಟಗಾಗಿಯೇ ಉಳಿದಿದ್ದರೂ ಅವಳು ಬರುವುದು ಬಿಟ್ಟಿರಲಿಲ್ಲ.

ದೀಪಾವಳಿ ಕಳೆದ ವಾರ ರಾಜೇಶ್ವರಿ ಬಂದಳು, ಒಬ್ಬಳೇ.

"ಕುಂದ್ರಿ ಅಕ್ಕಾರ."

"ಕುಂದ್ರಾಕ ಬಂದಿಲ್ಲ." ಅವಳು ಚೀಲದಿಂದ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. "ಇದು ಯಾತಕ್ಕ ಕೊಡ್ತಾರ, ಅದರಾಗ ಹುಡುಕಿ ಹೇಳ."

ಅನುರಾಧಾ ಹೆಸರು ಟೈಪ್ ಮಾಡಿ ಓದಿದಳು. "ತಲಿಗೆ ಸಂಬಂಧ ಪಟ್ಟದ್ದರಿ."

"ಸರಿಯಾಗಿ ಓದ."

"ಇಲ್ಲದ್ದು ಐತಿ ಅಂತ ಅನಸ್ತೈತಲ್ರಿ, ಇಲ್ಲದ್ದು ಮೈಮ್ಯಾಲ ಹರದಾಡಿದಂಗ ಆಕೈತಲ್ರಿ, ಅಂಥಾವರಿಗೆ."

ರಾಜೇಶ್ವರಿ ಪರದೆಯನ್ನೇ ನೋಡುತ್ತ ನಿಂತಳು. ಓದಲು ಬಾರದ ಇಂಗ್ಲಿಷ್ ಅಕ್ಷರಗಳ ಮೇಲೆ ಅವಳ ಕಣ್ಣು ಮೇಲಿಂದ ಕೆಳಗೆ ಒಮ್ಮೆ ಹೋಗಿ ಬಂತು.

"ಕನ್ನಡದಾಗ ಮಾಡಿ ತಗಿ. ಎರಡ ಕಾಪಿ."

"ಎರಡ ಯಾಕ್ರಿ?"

"ಒಂದ ಅವರ ಅಂಗಿ ಕಿಸೆದಾಗ ಇಡ್ತೇನಿ. ಇನ್ನೊಂದ ಮೊದಲ ಮೂಡಲಗಿಗೆ, ನಮ್ಮ ತಮ್ಮಗ."

ಪ್ರಿಂಟರಿನಿಂದ ಬಂದ ಹಾಳೆಗಳನ್ನು ಅವಳು ಅನುರಾಧಾಳ ಬೆರಳು ತಾಗದಂತೆ ಮೇಜಿನ ಮೇಲಿಂದಲೇ ಎತ್ತಿಕೊಂಡಳು. ಅದನ್ನು ಅನುರಾಧಾ ಗಮನಿಸಿದಳು, ತಾನು ಗಮನಿಸಿದ್ದು ರಾಜೇಶ್ವರಿಗೂ ಗೊತ್ತಾಯಿತು. ರಾಜೇಶ್ವರಿ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು, ಸರ್ವಿಸ್ ರಸ್ತೆ ದಾಟಿ, ಮೂಡಲಗಿಗೆ ಹೋಗಲು ಗೋಕಾಕದ ಬಸ್ಸು ನಿಲ್ಲುವ ಕಡೆಗೆ ನಡೆದಳು.